ವೇಳೆ ಮೀರಿದ ಸವಾಲು

೧

ಗುತ್ತಿಗೆಯೆಂಬ ಮಾತು ಕನ್ನಡ ನಾಡಿಗೆ ಹೊಸದಲ್ಲ. ನಮ್ಮ ಶಾಸನಗಳಲ್ಲಿ ಅದು ‘ಗುತ್ತಗೆ’ ಎಂಬ ರೂಪದಿಂದ ಕಾಣಿಸಿಕೊಳ್ಳುತ್ತದೆ. ಭೂಮಿಯ ಹುಟ್ಟುವಳಿಯನ್ನಾಗಲಿ ಸುಂಕದ ಆದಾಯವನ್ನಾಗಲಿ ಮುಂಚಿತವಾಗಿ ಗೊತ್ತುಪಡಿಸಿದ ಮೊತ್ತಕ್ಕೆ ಒಬ್ಬನಿಗೆ ವಹಿಸಿಕೊಡುವದೆಂಬದು ಅದರ ಅರ್ಥವು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸೀಮೆಯಲ್ಲಿ ಈ ಪದ್ಧತಿಯು ಎಷ್ಟು ಆಳವಾಗಿ ಬೇರೂರಿತ್ತೆಂಬದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ದೇಶಮುಖ, ಕುಲಕರ್ಣಿ, ಪಾಟೀಲ ಎಂಬ ಅಧಿಕಾರದ ಹೆಸರುಗಳು ಮನೆತನದ ಹೆಸರುಗಳಾದಂತೆಯೇ ಇಲ್ಲಿ ‘ಗುತ್ತೇದಾರ’ ಎಂಬದೂ ಮನೆತನದ ಹೆಸರಾಗಿ ನಿಂತಿದೆ. ಹರಾಜು, ಸವಾಲು, ಇಜಾರೆ, ಕೌಲು, ನಜರಾಣೆ ಮೊದಲಾದ ಮಾತುಗಳು ಮೊಗಲಾಯಿಯ ಕಚೇರಿಗಳಿಂದ ಹೊರಟು ನಮ್ಮ ಮನೆಮಾತಿನೊಳಗೆ ಸೇರಿಹೋಗಿವೆ.

ಸರಕಾರವು ಯಾವುದೊಂದನ್ನು ಗುತ್ತಿಗೆಗೆ ಕೊಡುವಾಗಲೂ, ಅದು ಕಂದಾಯದ ವಸೂಲಿಯಾಗಿರಲಿ, ಹೆಂಡದ ಅಂಗಡಿಯಾಗಿರಲಿ, ರಸ್ತೆ ಸೇತುವೆಗಳ ಕೆಲಸವಾಗಿರಲಿ, ಒಂದು ಕ್ರಮವುಂಟು. ಇಂಥ ದಿವಸ ಇಂಥ ಹೊತ್ತಿನೊಳಗೆ ಸವಾಲು ಕೂಗತಕ್ಕದ್ದು, ಇಲ್ಲವೆ ಮುದ್ರೆ ಹಾಕಿದ ಲಕೋಟೆಯನ್ನು ತಂದು ಒಪ್ಪಿಸತಕ್ಕದ್ದು. ಆ ಹೊತ್ತು ಕಳೆದ ಮೇಲೆ ಬಂದದ್ದು ಬಾರದ್ದಕ್ಕೆ ಸಮಾನ. ಈ ಕ್ರಮವನ್ನು ಕೆಡಿಸುವ ದಾರಿಗಳು ಮುಖ್ಯವಾಗಿ ಎರಡು. ವೇಳೆ ಮೀರಿದ ಮೇಲೆ ಬಂದ ಸವಾಲನ್ನು ಒಪ್ಪಿಕೊಳ್ಳುವದು ಒಂದು. ಅಧಿಕಾರದಲ್ಲಿದ್ದವರು ಒಬ್ಬನಿಗೆ ನಿಜವನ್ನು ಹೇಳಿ ಇನ್ನೊಬ್ಬನಿಗೆ ಮರೆಮಾಚುವದು, ಅಂದರೆ ಸವಾಲಿಗೆ ಬಂದವನನ್ನಾಗಲಿ ತಮ್ಮ ಮೇಲಿನ ಸರಕಾರವನ್ನಾಗಲಿ ದಾರಿ ತಪ್ಪಿಸುವದು ಇನ್ನೊಂದು. ಮೊದಲನೆಯದು ಎರಡನೆಯದರ ನೆರವಿಲ್ಲದೆ ಸಾಮಾನ್ಯವಾಗಿ ನಡೆಯಲಾರದು.

ಇಲ್ಲಿ ಒಂದು ಪ್ರಶ್ನೆಯು ಸಹಜವಾಗಿ ಏಳುವದು. ತಡವಾಗಿ ಬಂದವನು ಹೆಚ್ಚು ಹಣವನ್ನು ಕೊಡಲು ಸಿದ್ಧನಾಗಿದ್ದರೆ ಅವನನ್ನು ಹಿಂದಕ್ಕೆ ಕಳಿಸುವದರಿಂದ ಬೊಕ್ಕಸಕ್ಕೆ ನಷ್ಟವಲ್ಲವೆ? ಒಂದೆರಡು ತಾಸಿನ ಅಥವಾ ಒಂದೆರಡು ದಿವಸದ ವ್ಯತ್ಯಾಸಕ್ಕಾಗಿ ಸರಕಾರವು ಲಾಭವನ್ನು ಕೈಬಿಡಬೇಕೆ? ಈ ಪ್ರಶ್ನೆಗೆ ಉತ್ತರವನ್ನು ತರ್ಕದಿಂದ ಹುಡುಕುವ ಅವಶ್ಯಕತೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೈದರಾಬಾದ ಸಂಸ್ಥಾನವು ಇಡಿಯ ರಾಜ್ಯವನ್ನೇ ಪಣವಾಗಿಟ್ಟು ಇದರ ಪ್ರಯೋಗವನ್ನು ಮಾಡಿ ನೋಡಿದೆ. ಆ ಪ್ರಯೋಗದ ಫಲವನ್ನು ಉಂಡವರಲ್ಲಿ ಭೀಮಾ ತೀರದ ನಮ್ಮ ಹಿರಿಯರೂ ಒಬ್ಬರು.

೨

ಕ್ರಿ. ಶ. ೧೮೦೬ರಲ್ಲಿ ರಾಜಾ ಚಂದೂಲಾಲನು ಹೈದರಾಬಾದಿನ ಪೇಷಕಾರನಾದನು. ದಿವಾನಗಿರಿಯು ಹೆಸರಿಗೆ ಮುನೀರ್-ಉಲ್-ಮುಲ್ಕನಲ್ಲಿದ್ದರೂ ಕಾರಭಾರವೆಲ್ಲವೂ ಚಂದೂಲಾಲನ ಕೈಯಲ್ಲಿತ್ತು. ೧೮೩೨ರಲ್ಲಿ ಅವನೇ ದಿವಾನನಾಗಿ ೧೮೪೩ರಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟನು. ಅವನು ಕವಿ, ದಾನಿ, ಕಾರ್ಯಚತುರನೆಂದು ಹೆಸರಾದವನು. ಆದರೆ ಅವನ ಮೇಲೆ ಬಿದ್ದ ಖರ್ಚಿನ ಭಾರವು ಅಪಾರವಾಗಿತ್ತು. ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿದ್ದ ‘ಹೈದರಾಬಾದ ಕಂಟಿಂಜೆಂಟ್’ ಎಂಬ ದಂಡಿಗೆ ವರ್ಷಕ್ಕೆ ಸುಮಾರು ೪೦ ಲಕ್ಷ ರೂಪಾಯಿ ಬೇಕಾಗುತ್ತಿತ್ತು. ಅರಮನೆಯ ಖರ್ಚು, ಅರಬ ಮತ್ತು ಪಠಾಣ ಜಮೇದಾರರ ಸಂಬಳದ ಬಾಕಿ, ಸಾಹುಕಾರರ ಬಡ್ಡಿ ಇವೆಲ್ಲ ಬೇರೆ. ಹಣವು ಇಂದೇ ಬೇಕು, ಕಂದಾಯವು ಬರುವದು ಸುಗ್ಗಿಯ ಮೇಲೆ. ಈ ಇಕ್ಕಟ್ಟಿನಿಂದ ಹೊರಬರಲು ಚಂದೂಲಾಲನು ಹಿಡಿದ ಉಪಾಯವೇ ತಾಲ್ಲೂಕುಗಳನ್ನು ಇಜಾರೆಗೆ ಕೊಡುವ ಪದ್ಧತಿಯು.

ಪದ್ಧತಿಯ ಸ್ವರೂಪವು ಸರಳವಾದದ್ದು. ಒಂದು ತಾಲ್ಲೂಕಿನ ಕಂದಾಯಕ್ಕೆ ಹೆಚ್ಚು ಮೊತ್ತವನ್ನು ಒಪ್ಪಿಕೊಂಡು, ಅದರಲ್ಲೊಂದು ಭಾಗವನ್ನು ಮುಂಗಡವಾಗಿ ಕೊಟ್ಟು, ಮೇಲೆ ನಜರಾಣೆಯನ್ನು ಸಲ್ಲಿಸಿದವನಿಗೆ ತಾಲ್ಲೂಕು. ಅವನಿಗೆ ತಾಲ್ಲೂಕುದಾರನೆಂಬ ಹೆಸರು. ಕೆಲವೆಡೆಗಳಲ್ಲಿ ‘ಸರಬಸ್ತಾ’ ಎಂಬ ಬೇರೊಂದು ಏರ್ಪಾಟಿದ್ದು, ಅದರಲ್ಲಿ ವಸೂಲಿಯ ರೂಪಾಯಿಯೊಂದಕ್ಕೆ ಎರಡಾಣೆಯಂತೆ ಗುತ್ತೇದಾರನಿಗೆ ಸಲ್ಲುತ್ತಿತ್ತು. ಇಷ್ಟರ ಮಟ್ಟಿಗೆ ನೋಡಿದರೆ ಇದು ಆ ಕಾಲದ ಅನೇಕ ರಾಜ್ಯಗಳಲ್ಲಿದ್ದ ಪದ್ಧತಿಯೇ ಹೊರತು ವಿಶೇಷವಾದದ್ದಲ್ಲ. ವಿಶೇಷವು ಮುಂದಿನದು. ಚಂದೂಲಾಲನ ಕಚೇರಿಯಲ್ಲಿ ಸವಾಲಿಗೆ ಕೊನೆಯೆಂಬದೇ ಇರಲಿಲ್ಲ. ಇಂದು ಒಬ್ಬನಿಗೆ ಸನದು ಆಯಿತು. ನಾಳೆ ಇನ್ನೊಬ್ಬನು ಹೆಚ್ಚಿನ ಮೊತ್ತವನ್ನು ತಂದರೆ ಹಿಂದಿನ ಸನದು ರದ್ದಾಗಿ ಹೊಸದು ಹುಟ್ಟುವದು. ಮೊದಲಿನವನು ಕೊಟ್ಟ ಮುಂಗಡವು ಸಾಲದ ಪುಸ್ತಕದಲ್ಲಿ ಉಳಿಯುವದು.

ಹೀಗಾಗಿ ಹೈದರಾಬಾದಿನಲ್ಲಿ ಒಂದು ಪರಿಹಾಸದ ಮಾತು ಹುಟ್ಟಿತು. ಆ ಕಾಲವನ್ನು ಕುರಿತು ಬರೆದವರು ಅದನ್ನು ದಾಖಲಿಸಿಟ್ಟಿದ್ದಾರೆ. ತಾಲ್ಲೂಕುದಾರನು ರಾಜಧಾನಿಯಿಂದ ತನ್ನ ತಾಲ್ಲೂಕಿಗೆ ಹೊರಟಾಗ ಕುದುರೆಯ ಬಾಲದ ಕಡೆಗೆ ಮುಖಮಾಡಿ ಕುಳಿತು ಹೋಗುತ್ತಾನಂತೆ, ತನ್ನ ಸ್ಥಾನಕ್ಕೆ ಬರುವವನು ಹಿಂದಿನಿಂದ ಬರುತ್ತಿರುವನೋ ಏನೋ ಎಂದು ನೋಡುತ್ತ! ನಗೆಯ ಮಾತಾದರೂ ಇದರಲ್ಲಿ ಒಂದು ಆಡಳಿತದ ಮರ್ಮವೆಲ್ಲ ಅಡಗಿದೆ. ಹಿಂದಕ್ಕೆ ನೋಡುತ್ತ ಸವಾರಿ ಮಾಡುವವನಿಗೆ ಮುಂದಿನ ಊರು ಕಾಣುವದಿಲ್ಲ.

೩

ಈ ಪದ್ಧತಿಯಲ್ಲಿ ಹೆಚ್ಚಿನ ಮೊತ್ತವನ್ನು ಕೊಟ್ಟವನು ಅದನ್ನು ಎಲ್ಲಿಂದ ತರುತ್ತಿದ್ದನು? ಅವನ ಸ್ವಂತ ಗಂಟಿನಿಂದಲ್ಲ. ಸಾಹುಕಾರನಿಂದ ಬಡ್ಡಿಗೆ ತಂದು ಬೊಕ್ಕಸಕ್ಕೆ ಕಟ್ಟುತ್ತಿದ್ದನು. ಆ ಅಸಲು, ಆ ಬಡ್ಡಿ, ಕೊಟ್ಟ ನಜರಾಣೆ, ತನ್ನ ಲಾಭ ಈ ನಾಲ್ಕನ್ನೂ ರಯತನಿಂದಲೇ ಎತ್ತಬೇಕು. ಅದನ್ನಾದರೂ ನಾಲ್ಕಾರು ವರ್ಷಗಳ ಅವಧಿಯಲ್ಲಿ ಎತ್ತೋಣವೆಂದರೆ ತಾಲ್ಲೂಕು ತನ್ನ ಕೈಯಲ್ಲಿ ಮುಂದಿನ ಅಮಾವಾಸ್ಯೆಯ ವರೆಗೆ ಉಳಿಯುವ ಭರವಸೆಯಿಲ್ಲ. ಆದಕಾರಣ ಕೈಗೆ ಸಿಕ್ಕ ದಿವಸವೇ ಸಿಕ್ಕಷ್ಟನ್ನು ಹಿಂಡಿಕೊಳ್ಳುವದು ಅವನ ದೃಷ್ಟಿಯಿಂದ ವಿವೇಕವೇ ಆಯಿತು. ಅವನನ್ನು ದುಷ್ಟನೆಂದು ಬೈದು ಸುಮ್ಮನಾಗುವದು ಸುಲಭ. ಆದರೆ ಸಜ್ಜನನನ್ನು ತಂದು ಆ ಸ್ಥಾನದಲ್ಲಿ ಕೂಡ್ರಿಸಿದರೂ ಅವನು ಹಾಗೆಯೇ ಮಾಡಬೇಕಾಗುವಂತೆ ಆ ಪದ್ಧತಿಯು ರಚಿತವಾಗಿತ್ತು.

ನಮ್ಮ ಸೀಮೆಯ ಒಕ್ಕಲುತನವನ್ನು ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಭೀಮಾ ಮತ್ತು ಅಮರ್ಜಾ ನದಿಗಳ ಬಯಲಿನ ಎರೆಯ ಭೂಮಿಯಲ್ಲಿ ಹಿಂಗಾರಿ ಜೋಳವೇ ಮುಖ್ಯವಾದ ಪೈರು. ಮಳೆಗಾಲದ ಕೊನೆಗೆ ಬಿತ್ತಿದ್ದು ಮಾಘದ ಹೊತ್ತಿಗೆ ರಾಶಿಯಾಗಬೇಕು. ಬಿತ್ತುವಾಗ ಒಬ್ಬ ತಾಲ್ಲೂಕುದಾರನಿದ್ದು ರಾಶಿ ಮಾಡುವಾಗ ಇನ್ನೊಬ್ಬನಿದ್ದರೆ, ಮೊದಲಿನವನು ಹೋಗುವ ಮುನ್ನ ಕೇಳಿದ್ದನ್ನೂ ಎರಡನೆಯವನು ಬಂದ ಕೂಡಲೆ ಕೇಳುವದನ್ನೂ ಕೊಡತಕ್ಕವನು ಒಬ್ಬನೇ ರಯತನು. ಕಣದಲ್ಲಿ ಬಿದ್ದ ತೆನೆಗೆ ಯಾರು ಒಡೆಯರೆಂಬದು ಹೈದರಾಬಾದಿನಲ್ಲಿ ಯಾರ ಲಕೋಟೆಯು ತಡವಾಗಿ ತಲುಪಿತೆಂಬದರ ಮೇಲೆ ನಿಂತಿರುವಾಗ ಬಾವಿಯನ್ನು ತೋಡುವವರು ಯಾರು, ಒಡ್ಡು ಹಾಕುವವರು ಯಾರು? ಹೆಚ್ಚು ಬೆಳೆದವನಿಗೆ ಹೆಚ್ಚು ಕಿರುಕುಳವೆಂದಾದ ಮೇಲೆ ಹೊಲವನ್ನು ಬೀಳುಗೆಡವುವದೇ ಜಾಣತನವಾಗುವದು. ಊರು ಬಿಟ್ಟು ಹೋದವನ ಹೊಲಕ್ಕೆ ಮುಂದಿನ ವರ್ಷ ಕಂದಾಯವಿಲ್ಲ. ಹೀಗೆ ವೇಳೆ ಮೀರಿ ಬಂದ ಹೆಚ್ಚಿನ ಸವಾಲು ಈ ವರ್ಷ ಬೊಕ್ಕಸಕ್ಕೆ ತಂದ ಲಾಭವನ್ನು ಬರುವ ವರ್ಷಗಳ ಆದಾಯದಿಂದ ತಾನೇ ಕಿತ್ತುಕೊಂಡು ಹೋಗುತ್ತಿತ್ತು.

ಇದು ಹೊಸದಾಗಿ ಕಂಡುಹಿಡಿದ ತತ್ತ್ವವೂ ಅಲ್ಲ. ಗೊತ್ತಾದ ಆದಾಯವನ್ನು ಕಡಮೆ ಮಾಡುವ ಅಧಿಕಾರಿಯು ಅರಸನ ಧನವನ್ನು ತಿನ್ನುವವನೆಂದೂ, ಅದನ್ನು ಇಮ್ಮಡಿಯಾಗಿ ಎತ್ತುವವನು ನಾಡನ್ನೇ ತಿನ್ನುವವನೆಂದೂ ಕೌಟಿಲ್ಯನ ಅರ್ಥಶಾಸ್ತ್ರವು ಎರಡನ್ನೂ ದೋಷದ ಪಟ್ಟಿಯಲ್ಲಿಯೇ ಇಟ್ಟಿದೆ. ಲಂಚದಿಂದ ಬದುಕುವ ಅಧಿಕಾರಿಯ ಸ್ವತ್ತನ್ನೆಲ್ಲ ತೆಗೆದುಕೊಂಡು ಅವನನ್ನು ನಾಡಿನಿಂದ ಹೊರಡಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲಕ್ಕೆ ನಮ್ಮ ನೆರೆಯ ಕಲ್ಯಾಣದಲ್ಲಿದ್ದವನು. ಕಲ್ಯಾಣದ ನೆರೆಯಲ್ಲಿಯೇ ಏಳು ಶತಮಾನಗಳ ತರುವಾಯ ನಜರಾಣೆಯು ರಾಜ್ಯದ ಆದಾಯದ ಬಾಬಾಗಿ ನಿಂತಿತು.

೪

ದಾರಿ ತಪ್ಪಿಸುವದೆಂಬ ಎರಡನೆಯ ದೋಷಕ್ಕೆ ಅದೇ ಕಾಲದ ಒಂದು ದೊಡ್ಡ ಉದಾಹರಣೆಯುಂಟು. ವಿಲಿಯಂ ಪಾಮರನೆಂಬವನು ೧೮೧೪ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಸಾಹುಕಾರಿ ಕೋಠಿಯು ನಿಜಾಮ ಸರಕಾರಕ್ಕೆ ಸಾಲ ಕೊಡುವ ವ್ಯಾಪಾರವನ್ನು ಹಿಡಿಯಿತು. ಇಂಗ್ಲಿಷ್ ಪ್ರಜೆಗಳು ದೇಶೀಯ ಅರಸರಿಗೆ ಅಪ್ಪಣೆಯಿಲ್ಲದೆ ಸಾಲ ಕೊಡಬಾರದೆಂಬ ಕಾಯದೆಯಿದ್ದುದರಿಂದ ೧೮೧೬ರಲ್ಲಿ ಗವರ್ನರ್ ಜನರಲ್ಲನಿಂದ ವಿಶೇಷ ಪರವಾನಗಿಯನ್ನು ಪಡೆಯಲಾಯಿತು. ಕೋಠಿಯ ಪಾಲುಗಾರನಾದ ರಂಬೋಲ್ಡನು ಗವರ್ನರ್ ಜನರಲ್ಲ ಹೇಸ್ಟಿಂಗ್ಸನ ಮನೆಯಲ್ಲಿ ಬೆಳೆದ ಹೆಣ್ಣುಮಗಳ ಗಂಡನು. ೧೮೨೦ರಲ್ಲಿ ೬೦ ಲಕ್ಷ ರೂಪಾಯಿಯ ಹೊಸ ಸಾಲದ ಪ್ರಸ್ತಾವವು ಕಲಕತ್ತೆಗೆ ಹೋಯಿತು. ಹೆಚ್ಚು ಬಡ್ಡಿಯ ಹಳೆಯ ಸಾಲವನ್ನು ತೀರಿಸುವದಕ್ಕೂ, ಬೇಡವಾದ ದಂಡನ್ನು ವಿಸರ್ಜಿಸುವದಕ್ಕೂ, ರಯತರಿಗೆ ತಗಾವಿ ಕೊಡುವದಕ್ಕೂ ಈ ಹಣವೆಂದು ಕಾಗದದ ಮೇಲೆ ಬರೆಯಲಾಗಿತ್ತು. ಗವರ್ನರ್ ಜನರಲ್ಲನ ಸಭೆಯಲ್ಲಿ ಅಭಿಪ್ರಾಯಗಳು ಸಮವಾಗಿ ಒಡೆದಾಗ ಹೇಸ್ಟಿಂಗ್ಸನು ತನ್ನ ನಿರ್ಣಾಯಕ ಮತದಿಂದ ಅದನ್ನು ಮಂಜೂರು ಮಾಡಿದನು.

ಆ ವರ್ಷದ ಕೊನೆಗೆ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್ಕಾಫನು ಲೆಕ್ಕದ ಪುಸ್ತಕಗಳನ್ನು ತೆರೆಸಿ ನೋಡಿದಾಗ ಬೇರೆಯೇ ಸಂಗತಿ ಕಂಡಿತು. ಸಾಲದಲ್ಲಿ ೮ ಲಕ್ಷ ರೂಪಾಯಿಯು ಕೋಠಿಗೆ ಕೊಟ್ಟ ಬಹುಮಾನ. ಉಳಿದದ್ದರಲ್ಲಿ ದೊಡ್ಡ ಭಾಗವು ಅದೇ ಕೋಠಿಯ ಹಳೆಯ ಬಾಕಿಯನ್ನು ಹೊಸ ಹೆಸರಿನಲ್ಲಿ ತೋರಿಸಿದ್ದು. ರಯತನ ಹೆಸರು ಅರ್ಜಿಯಲ್ಲಿತ್ತು. ಹಣದಲ್ಲಿ ಅವನಿಗೆ ಪಾಲಿರಲಿಲ್ಲ. ರೆಸಿಡೆನ್ಸಿಯ ಅಧಿಕಾರಿಗಳಿಗೇ ಆ ಕೋಠಿಯ ವ್ಯವಹಾರದಲ್ಲಿ ಸ್ವಾರ್ಥವಿದ್ದುದರಿಂದ ಕಲಕತ್ತೆಗೆ ನಿಜವನ್ನು ತಿಳಿಸತಕ್ಕ ಕೈಗಳೇ ಅದನ್ನು ಮುಚ್ಚಿದ್ದವು. ಕಡೆಗೆ ಕಂಪನಿ ಸರಕಾರವು ಉತ್ತರ ಸರಕಾರುಗಳ ಪ್ರಾಂತಕ್ಕಾಗಿ ನಿಜಾಮನಿಗೆ ವರ್ಷಂಪ್ರತಿ ಕೊಡುತ್ತಿದ್ದ ೭ ಲಕ್ಷದ ಪೇಷಕಷನ್ನು ಒಂದೇ ಗಂಟಾಗಿ, ಸುಮಾರು ಒಂದು ಕೋಟಿ ಹದಿನಾರು ಲಕ್ಷ ರೂಪಾಯಿಗೆ, ೧೮೨೩ರಲ್ಲಿ ತೀರಿಸಿತು; ಆ ಹಣದಿಂದ ಕೋಠಿಯ ಸಾಲವು ಹರಿಯಿತು. ರಾಜ್ಯವು ಶಾಶ್ವತವಾದ ಆದಾಯವೊಂದನ್ನು ಕಳೆದುಕೊಂಡಿತು. ಕೋಠಿಯೂ ೧೮೨೪ರಲ್ಲಿ ಮುಚ್ಚಿತು.

ಇದೇ ಮೆಟ್ಕಾಫನು ಇಂಗ್ಲಿಷ್ ಅಧಿಕಾರಿಗಳನ್ನು ಜಿಲ್ಲೆಗಳಿಗೆ ಕಳಿಸಿ, ಹಳ್ಳಿಹಳ್ಳಿಗೆ ಕೆಲವು ವರ್ಷಗಳ ಅವಧಿಯ ಕಂದಾಯವನ್ನು ಗೊತ್ತುಪಡಿಸಿ ಕೌಲುಗಳನ್ನು ಕೊಡಿಸಿದನು. ಅವಧಿಯೊಳಗೆ ಯಾರು ಎಷ್ಟು ಹೆಚ್ಚು ಕೂಗಿದರೂ ಕೌಲು ಕದಲಬಾರದೆಂಬದೇ ಇದರ ಜೀವಾಳವು. ರಯತನಿಗೆ ಬೇಕಾದದ್ದು ದಯೆಗಿಂತ ಹೆಚ್ಚಾಗಿ ಇಂಥ ಸ್ಥಿರವಾದ ಮಾತೇ ಆಗಿತ್ತು. ಆದರೆ ೧೮೨೯ರಲ್ಲಿ ನಾಸಿರುದ್ದೌಲನು ಪಟ್ಟಕ್ಕೆ ಬಂದ ಕೂಡಲೆ ಆ ಅಧಿಕಾರಿಗಳು ಹಿಂದೆಗೆಯಲ್ಪಟ್ಟರು; ಸವಾಲಿನ ಪೇಟೆಯು ಮತ್ತೆ ತೆರೆಯಿತು. ಅದರ ಕೊನೆಯನ್ನು ಇತಿಹಾಸವು ಬಲ್ಲದು. ಕಂಟಿಂಜೆಂಟಿನ ಬಾಕಿಯು ೪೦ ಲಕ್ಷವನ್ನು ಮೀರಿ ಬೆಳೆದು, ೧೮೫೩ನೆಯ ಮೇ ತಿಂಗಳಿನ ಒಪ್ಪಂದದಿಂದ ವರ್ಹಾಡ, ರಾಯಚೂರ ದೋಆಬ, ಧಾರಾಶಿವ-ನಳದುರ್ಗಗಳು ಕಂಪನಿಯ ವಶಕ್ಕೆ ಹೋದವು. ಆಳಂದಕ್ಕೆ ವಾಯವ್ಯದಲ್ಲಿರುವ ನಳದುರ್ಗ ಸೀಮೆಗೆ ಅಧಿಕಾರಿಯಾಗಿ ಬಂದವನು ಸುರಪುರದಿಂದ ಬಂದ ಮೆಡೋಸ್ ಟೇಲರನು; ಅವನು ಮೊದಲು ಕೈಹಾಕಿದ ಕೆಲಸಗಳಲ್ಲಿ ಭೂಮಿಯ ಅಳತೆಯೊಂದು. ಹೆಚ್ಚು ಕೂಗಿದವನಿಗೆ ತಾಲ್ಲೂಕನ್ನು ಕೊಟ್ಟು ಬೊಕ್ಕಸವನ್ನು ತುಂಬಹೊರಟ ರಾಜ್ಯವು ಕಡೆಗೆ ಜಿಲ್ಲೆಗಳನ್ನೇ ಒತ್ತೆಯಿಟ್ಟಿತು.

೫

ಅದೇ ತಿಂಗಳಿನ ಕೊನೆಗೆ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಮೊದಲನೆಯ ಸಾಲಾರಜಂಗರು ದಿವಾನರಾದರು. ಅವರು ೧೮೮೩ರಲ್ಲಿ ತೀರಿಕೊಳ್ಳುವ ವರೆಗಿನ ಮೂವತ್ತು ವರ್ಷಗಳ ಸುಧಾರಣೆಗಳನ್ನೆಲ್ಲ ಇಲ್ಲಿ ಹೇಳುವದು ಅಪ್ರಸ್ತುತ. ಪ್ರಕೃತಕ್ಕೆ ಬೇಕಾದದ್ದು ಒಂದೇ. ಅವರು ಸಾಹುಕಾರರ ಮತ್ತು ಜಮೇದಾರರ ಒತ್ತೆಯಲ್ಲಿದ್ದ ತಾಲ್ಲೂಕುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು. ಇಜಾರದಾರರನ್ನು ತೆಗೆದು ಸಂಬಳದ ತಾಲ್ಲೂಕುದಾರರನ್ನು ನೇಮಿಸಿದರು. ೧೮೬೫ರ ಜಿಲಾಬಂದಿಯಿಂದ ರಾಜ್ಯವನ್ನು ಜಿಲ್ಲೆಗಳಾಗಿ ವಿಂಗಡಿಸಿ, ಸರಬಸ್ತಾ ಪದ್ಧತಿಗೆ ಮಂಗಳ ಹಾಡಿದರು. ತಾಲ್ಲೂಕುದಾರನೆಂಬ ಹೆಸರು ಉಳಿಯಿತು, ಅದರ ಅರ್ಥವು ತಿರುಗಿತು. ಹಿಂದೆ ಆ ಹೆಸರಿನವನು ಅಧಿಕಾರವನ್ನು ಕೊಂಡವನು. ಮುಂದೆ ಆ ಹೆಸರಿನವನು ಅಧಿಕಾರಕ್ಕೆ ಸಂಬಳ ಪಡೆಯುವವನು. ೧೮೬೦ರಲ್ಲಿ ರಾಯಚೂರ ದೋಆಬ ಮತ್ತು ಧಾರಾಶಿವಗಳು ಮರಳಿ ಬಂದವು. ಸುರಪುರವೂ ರಾಜ್ಯಕ್ಕೆ ಸೇರಿತು.

ಆದರೆ ಈ ಸುಧಾರಣೆಯ ಬೆಳಕು ನಮ್ಮ ಮೂರು ತಾಲ್ಲೂಕುಗಳ ಮೇಲೆ ಒಂದೇ ಸಮನಾಗಿ ಬೀಳಲಿಲ್ಲವೆಂಬದನ್ನು ವಾಚಕರು ಗಮನಿಸಬೇಕು. ಇಂದಿನ ಜೇವರ್ಗಿಯ ಸೀಮೆಯು ಆಗ ಅಂದೋಲಾ ತಾಲ್ಲೂಕೆಂಬ ಹೆಸರಿನಿಂದ ದಿವಾನಿಯ ನೇರವಾದ ಆಡಳಿತದಲ್ಲಿತ್ತು. ಆಳಂದ, ಅಫಜಲಪುರಗಳು ಪಾಯಗಾ ತಾಲ್ಲೂಕುಗಳು. ಪಾಯಗಾ ಅಮೀರರಿಗೆ ತಮ್ಮ ಸೀಮೆಯಲ್ಲಿ ಕಂದಾಯ, ಅಬಕಾರಿ, ನ್ಯಾಯ ಇವುಗಳ ಸ್ವಂತ ಆಡಳಿತವಿದ್ದಿತು. ದಿವಾನಿಯ ಆಜ್ಞೆಯು ಅಲ್ಲಿ ತಾನಾಗಿ ನಡೆಯುತ್ತಿರಲಿಲ್ಲ. ಒಂದೇ ಭೀಮೆಯ ನೀರನ್ನು ಕುಡಿಯುವ ಊರುಗಳೊಳಗೆ, ಒಂದೂರಿನವನಿಗೆ ಮೇಲ್ಮನವಿಯ ದಾರಿಯು ಜಿಲ್ಲೆಯ ಕಚೇರಿಗೆ, ಇನ್ನೊಂದೂರಿನವನಿಗೆ ಹೈದರಾಬಾದಿನ ಒಬ್ಬ ಅಮೀರನ ದೇವಡಿಗೆ. ೧೯೪೮ನೆಯ ಸಪ್ಟೆಂಬರಿನಲ್ಲಿ ಹೈದರಾಬಾದವು ಭಾರತದಲ್ಲಿ ಸೇರಿ, ೧೯೪೯ರಲ್ಲಿ ಜಹಗೀರುಗಳು ರದ್ದಾದ ಮೇಲೆಯೇ ಈ ಭೇದವು ಅಳಿದದ್ದು. ೧೯೫೬ರಲ್ಲಿ ಜಿಲ್ಲೆಯು ಕನ್ನಡ ರಾಜ್ಯಕ್ಕೆ ಬಂದಿತು. ಕಂದಾಯದ ಇಜಾರೆಯು ಹೋದರೂ ಮದ್ಯದ ಗುತ್ತಿಗೆಯು ಉಳಿಯಿತು. ೨೦೦೭ನೆಯ ಜುಲೈ ೧ರಿಂದ ಕರ್ನಾಟಕದಲ್ಲಿ ಸಾರಾಯಿಯು ನಿಷೇಧವಾಗುವ ವರೆಗೆ ಅದರ ಮಾರಾಟದ ಹಕ್ಕು ಹರಾಜಿನಿಂದಲೇ ಸಲ್ಲುತ್ತಿತ್ತು.

೬

ಇಜಾರೆ ಹೋದ ಮೇಲೆ ಗುತ್ತಿಗೆಯ ದೋಷವೂ ಹೋಯಿತೆಂದು ತಿಳಿಯುವಂತಿಲ್ಲ. ಸಾಲಾರಜಂಗರು ತೀರಿಕೊಂಡ ಮೂರು ವರ್ಷಗಳೊಳಗಾಗಿ ಹೈದರಾಬಾದ ಸರಕಾರವು ಇಂಗ್ಲೆಂಡಿನ ಪೇಟೆಯಲ್ಲಿಯೇ ದಾರಿ ತಪ್ಪಿಸಲ್ಪಟ್ಟಿತು. ೧೮೮೬ರ ಆರಂಭದಲ್ಲಿ ರಾಜ್ಯದ ಗಣಿಗಳನ್ನು ತೋಡುವ ಹಕ್ಕನ್ನು ವಾಟ್ಸನ್ ಮತ್ತು ಸ್ಟೂವರ್ಟ್ ಎಂಬಿಬ್ಬರಿಗೆ ೯೯ ವರ್ಷಗಳ ಅವಧಿಗೆ ಕೊಡಲಾಯಿತು. ಅವರು ‘ಹೈದರಾಬಾದ (ಡೆಕ್ಕನ್) ಕಂಪನಿ’ಯನ್ನು ಕಟ್ಟಿ, ಹತ್ತು ಹತ್ತು ಪೌಂಡಿನ ಒಂದು ಲಕ್ಷ ಪಾಲುಗಳಲ್ಲಿ ೮೫,೦೦೦ ಪಾಲುಗಳನ್ನು ಹಕ್ಕಿನ ಬೆಲೆಯೆಂದು ತಮಗೇ ಬರೆದುಕೊಂಡರು. ನಿಜಾಮ ಸರಕಾರದ ಪರವಾಗಿ ಮಾತುಕತೆಯಲ್ಲಿದ್ದ ದೊಡ್ಡ ಅಧಿಕಾರಿಯು ಸರದಾರ ದಿಲೇರಜಂಗನೆಂಬ ಬಿರುದಿನ ಅಬ್ದುಲ್ ಹಕ್. ಆ ಪಾಲುಗಳಲ್ಲಿ ದೊಡ್ಡದೊಂದು ಭಾಗವು ಗುಟ್ಟಾಗಿ ಅವನದಾಯಿತು. ಮುಂದೆ ನಿಜಾಮ ಸರಕಾರವು ಈ ಕಂಪನಿಯ ಪಾಲುಗಳನ್ನು ಕೊಳ್ಳಲು ಮನಸ್ಸು ಮಾಡಿದಾಗ ಅವನ ಮೂಲಕವೇ ಹತ್ತು ಪೌಂಡಿನ ಪಾಲನ್ನು ಹನ್ನೆರಡು ಪೌಂಡಿಗೆ ಕೊಂಡಿತು. ಪೇಟೆಯಲ್ಲಿ ಕೊಂಡೆವೆಂದು ಸರಕಾರವು ತಿಳಿದಿತ್ತು. ಮಾರಿದವನು ತನ್ನ ಅಧಿಕಾರಿಯೇ ಆಗಿದ್ದನು. ೧೮೮೮ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಸಮಿತಿಯೊಂದು ಇದರ ವಿಚಾರಣೆಯನ್ನು ಮಾಡಿ ಒಳಗುಟ್ಟನ್ನು ಹೊರಗೆಡವಿತು. ಅಧಿಕಾರಿಯು ಕೆಲಸದಿಂದ ತೆಗೆಯಲ್ಪಟ್ಟನು.

ಪಾಮರನ ಕೋಠಿಗೂ ಈ ಕಂಪನಿಗೂ ಅರುವತ್ತು ವರ್ಷಗಳ ಅಂತರವಿದೆ. ಎರಡರಲ್ಲಿಯೂ ನಡೆದ ರೀತಿಯೊಂದೇ. ಎದುರಾಳಿಗಳನ್ನು ಕರೆದು ಬಹಿರಂಗವಾಗಿ ಬೆಲೆ ಕೇಳಲಿಲ್ಲ. ವಿಚಾರಿಸಿ ಹೇಳಬೇಕಾದವನೇ ಲಾಭದಲ್ಲಿ ಪಾಲುಗಾರನಾಗಿದ್ದನು. ಸಹಿ ಮಾಡಿದವರಿಗೆ ತಿಳಿದದ್ದಕ್ಕಿಂತ ತಿಳಿಯದ್ದು ಹೆಚ್ಚಾಗಿತ್ತು. ಗುತ್ತಿಗೆಯ ಮೋಸವು ಸಾಮಾನ್ಯವಾಗಿ ಲೆಕ್ಕದ ಅಂಕಿಗಳಲ್ಲಿ ಇರುವದಿಲ್ಲ, ಅಂಕಿಗಳು ಹುಟ್ಟಿದ ದಾರಿಯಲ್ಲಿರುವದು.

೭

ಈ ಅನುಭವಗಳ ಸಾರವು ಇಂದಿನ ಕಾಯದೆಯಲ್ಲಿ ಇಳಿದುಬಂದಿದೆಯೆಂದು ಹೇಳಬಹುದು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ೧೯೯೯ ಎಂಬದು ೨೦೦೦ದಲ್ಲಿ ಜಾರಿಗೆ ಬಂದಿತು. ಅದರ ಕೆಳಗೆ ಅದೇ ವರ್ಷ ರಚಿತವಾದ ನಿಯಮಗಳು, ಎರಡು ಕೋಟಿ ರೂಪಾಯಿಯ ವರೆಗಿನ ಟೆಂಡರಿಗೆ ಕನಿಷ್ಠ ೩೦ ದಿವಸ, ಅದನ್ನು ಮೀರಿದ್ದಕ್ಕೆ ಕನಿಷ್ಠ ೬೦ ದಿವಸದ ಕಾಲಾವಕಾಶವನ್ನು ಮೊದಲಿಗೆ ಗೊತ್ತುಮಾಡಿದವು. ಅದಕ್ಕಿಂತ ಕಡಮೆ ಮಾಡಬೇಕಾದರೆ ಮೇಲಧಿಕಾರಿಯು ಕಾರಣವನ್ನು ಬರೆದಿಡಬೇಕು. ಕಾಮಗಾರಿಗಳ ಮಾದರಿ ಟೆಂಡರ್ ಪತ್ರದಲ್ಲಿ, ಗೊತ್ತಾದ ಹೊತ್ತು ಕಳೆದು ಬಂದ ಲಕೋಟೆಯನ್ನು ಒಡೆಯದೆಯೇ ತಂದವನಿಗೆ ಹಿಂದಿರುಗಿಸಬೇಕೆಂಬ ಕಟ್ಟುಪಾಡಿದೆ. ‘ಒಡೆಯದೆಯೇ’ ಎಂಬ ಮಾತಿನಲ್ಲಿ ಬಹಳ ಅರ್ಥವಿದೆ. ಒಡೆದು ಓದಿದ ಮೇಲೆ, ಒಳಗಿನ ಬೆಲೆಯು ಆಕರ್ಷಕವಾಗಿದ್ದರೆ, ಅದನ್ನು ಒಪ್ಪಿಕೊಳ್ಳಲು ಕಾರಣಗಳು ತಾವಾಗಿಯೇ ಹುಟ್ಟಿಕೊಳ್ಳುವವು. ೨೦೦೭ರಿಂದ ಕಂಪ್ಯೂಟರಿನ ಮೂಲಕ ಟೆಂಡರು ಸ್ವೀಕರಿಸುವ ಪದ್ಧತಿಯು ಬಂದ ಮೇಲೆ ಬಾಗಿಲನ್ನು ಮುಚ್ಚುವ ಕೆಲಸವು ಯಂತ್ರಕ್ಕೆ ಹೋಯಿತು. ಗುಮಾಸ್ತನನ್ನು ಒಲಿಸಿಕೊಂಡು ಗಡಿಯಾರವನ್ನು ಹಿಂದಕ್ಕೆ ತಿರುಗಿಸುವ ದಾರಿಯು ಕಿರಿದಾಯಿತು. ಟೆಂಡರಿನ ನಿರ್ಣಯದಿಂದ ಅನ್ಯಾಯವಾಯಿತೆನ್ನುವವನಿಗೆ ಮೂವತ್ತು ದಿವಸದೊಳಗೆ ಮೇಲ್ಮನವಿಯ ಹಕ್ಕುಂಟು.

ಆದರೂ, ವೇಳೆ ಮೀರಿ ಬಂದ ಹೆಚ್ಚಿನ ಬೆಲೆಯನ್ನು ತಳ್ಳಿಬಿಟ್ಟರೆ ಸರಕಾರಕ್ಕೆ ನಷ್ಟವೆಂಬ ಹಳೆಯ ವಾದವು ಅಲ್ಲಲ್ಲಿ ತಲೆಯೆತ್ತುತ್ತದೆ. ಈ ವಾದವನ್ನು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೇ ಒಮ್ಮೆ ಒರೆಗೆ ಹಚ್ಚಿ ನೋಡಿದೆ. ಅದು ಹರಿಯಾಣಾ ರಾಜ್ಯದ ಒಂದು ಕಲ್ಲುಗಣಿಯ ಗುತ್ತಿಗೆಯನ್ನು ಕುರಿತ, ೧೯೮೫ರಲ್ಲಿ ತೀರ್ಮಾನವಾದ ರಾಮ್ ಅಂಡ್ ಶ್ಯಾಮ್ ಕಂಪನಿಯ ಮೊಕದ್ದಮೆ. ಬಹಿರಂಗ ಹರಾಜಿನಲ್ಲಿ ಆ ಕಂಪನಿಯ ಸವಾಲೇ ಮೇಲಾದದ್ದು. ಅದು ವರ್ಷಕ್ಕೆ ನಾಲ್ಕು ಲಕ್ಷಕ್ಕೆ ಕಡಮೆಯಿತ್ತು. ಬೆಲೆ ಸಾಲದೆಂದು ಸರಕಾರವು ಅದನ್ನು ಮಂಜೂರು ಮಾಡಲಿಲ್ಲ. ಹರಾಜು ಮುಗಿದ ಮೇಲೆ ಬೇರೊಬ್ಬನು ನೇರವಾಗಿ ಮುಖ್ಯಮಂತ್ರಿಗೆ ಪತ್ರ ಬರೆದು ನಾಲ್ಕೂವರೆ ಲಕ್ಷ ಕೊಡುವೆನೆಂದನು. ಮೊದಲಿನವನಿಗೆ ಒಂದು ಮಾತನ್ನೂ ತಿಳಿಸದೆ ಗುತ್ತಿಗೆಯನ್ನು ಈತನಿಗೆ ಕೊಟ್ಟುಬಿಟ್ಟರು. ಬೊಕ್ಕಸಕ್ಕೆ ಹೆಚ್ಚು ಬಂದಿತಲ್ಲವೆ ಎಂಬದೇ ಸರಕಾರದ ಸಮಾಧಾನ. ಸರ್ವೋಚ್ಚ ನ್ಯಾಯಾಲಯವು ಇಬ್ಬರನ್ನೂ ತನ್ನ ಎದುರಿಗೇ ಸವಾಲು ಕೂಗಲು ಹೇಳಿತು. ಬೆಲೆಯು ಏರುತ್ತ ಏರುತ್ತ ವರ್ಷಕ್ಕೆ ಇಪ್ಪತ್ತೈದು ಲಕ್ಷಕ್ಕೆ ಹೋಗಿ ನಿಂತಿತು! ಗುಟ್ಟಾಗಿ ಬಂದ ಪತ್ರವನ್ನು ಸರಕಾರವು ಲಾಭವೆಂದು ಎಣಿಸಿತ್ತು. ಇಬ್ಬರಿಗೂ ಸಮನಾಗಿ ಬಾಗಿಲು ತೆರೆದಾಗ ಅದರ ಐದು ಪಟ್ಟಿಗೂ ಮೀರಿದ ಬೆಲೆಯು ಸಿಕ್ಕಿತು. ಮಂಜೂರು ಮಾಡಲು ಮನಸ್ಸಿಲ್ಲದಿದ್ದರೆ ಹರಾಜನ್ನು ರದ್ದುಮಾಡಿ ಎಲ್ಲರಿಗೂ ತಿಳಿಯುವಂತೆ ಮತ್ತೆ ಕರೆಯಬೇಕು. ಮುಚ್ಚಿದ ಬಾಗಿಲಿನ ಹಿಂದೆ ಒಬ್ಬನೊಡನೆ ಮಾತಾಡಬಾರದೆಂಬ ನೀತಿಯು ಇದರಿಂದ ಸ್ಪಷ್ಟವಾಗುವದು.

೮

ಇತಿಹಾಸದಿಂದ ನಾವು ಕಲಿಯುವದು ಇಷ್ಟು. ಗಡುವಿನ ಹೊತ್ತೆಂಬದು ಕಚೇರಿಯ ಶಿಸ್ತಿಗಾಗಿ ಹಾಕಿದ ಗೆರೆಯಷ್ಟೇ ಅಲ್ಲ. ಸವಾಲಿಗೆ ಬಂದವರೊಳಗೆ ಅಧಿಕಾರದ ಬೆಂಬಲವಿಲ್ಲದವನಿಗೆ ಇರುವ ಒಂದೇ ಆಸರೆಯದು. ತಡವಾಗಿ ಬಂದವನಿಗೆ ಇತರರ ಬೆಲೆಯನ್ನು ತಿಳಿಯುವ ಅವಕಾಶವುಂಟು. ಹೊತ್ತಿಗೆ ಸರಿಯಾಗಿ ಬಂದವನಿಗೆ ಅದಿಲ್ಲ. ಹೀಗೆ ಪ್ರಾಮಾಣಿಕನೇ ಸೋಲುವಂತಾದರೆ ಮುಂದಿನ ಸಲ ಅವನು ಬರುವದೇ ಇಲ್ಲ, ಬಂದರೂ ತನ್ನ ನಿಜವಾದ ಬೆಲೆಯನ್ನು ಹೇಳುವದಿಲ್ಲ. ಕೊನೆಗೆ ಉಳಿಯುವವರು ಕಚೇರಿಯ ಒಳದಾರಿಯನ್ನು ಬಲ್ಲವರು ಮಾತ್ರ. ಆಗ ಆಗುವ ಅಧಿಕ ವೆಚ್ಚವನ್ನು ಹಿಂದೆ ರಯತನ ಕಣದಿಂದ ತೆಗೆದರು. ಈಗ ರಸ್ತೆಯ ಡಾಂಬರಿನಿಂದ, ಶಾಲೆಯ ಗೋಡೆಯಿಂದ, ಕಾಲುವೆಯ ಸಿಮೆಂಟಿನಿಂದ ತೆಗೆಯುತ್ತಾರೆ.

ಯಂತ್ರವು ತಡವಾದ ಲಕೋಟೆಯನ್ನು ತಡೆಯಬಲ್ಲದು. ದಾರಿ ತಪ್ಪಿಸುವ ಮನುಷ್ಯನನ್ನು ತಡೆಯಲಾರದು. ಕೆಲಸವನ್ನು ತುಂಡು ತುಂಡಾಗಿ ಸೀಳಿ ಟೆಂಡರಿನ ಮಿತಿಯ ಕೆಳಗೆ ಇಳಿಸುವದು, ತುರ್ತೆಂದು ಹೇಳಿ ಅಲ್ಪಾವಧಿಯ ಪ್ರಕಟಣೆಯನ್ನು ಹೊರಡಿಸುವದು, ಕೊನೆಯ ಸಂಜೆ ತಿದ್ದುಪಡಿಯನ್ನು ಸೇರಿಸುವದು, ಒಬ್ಬನಿಗೆ ಮಾತ್ರ ಹೊಂದುವಂತೆ ಅರ್ಹತೆಯ ಶರತ್ತುಗಳನ್ನು ಬರೆಯುವದು, ಇವೆಲ್ಲವೂ ಗಡುವನ್ನು ಮುಟ್ಟದೆಯೇ ಗಡುವಿನ ಉದ್ದೇಶವನ್ನು ಮುರಿಯುವ ಉಪಾಯಗಳು. ಇವುಗಳಿಗೆ ಮದ್ದು ಕಾಯದೆಯ ಇನ್ನೊಂದು ಕಲಮಿಗಿಂತ ಹೆಚ್ಚಾಗಿ ನೋಡುವ ಕಣ್ಣುಗಳು. ಮೆಟ್ಕಾಫನಿಗೆ ಸತ್ಯವು ತಿಳಿದದ್ದು ಅವನು ಲೆಕ್ಕದ ಪುಸ್ತಕವನ್ನು ತರಿಸಿಕೊಂಡುದರಿಂದ. ಆ ಅಧಿಕಾರವು ೨೦೦೫ರ ಮಾಹಿತಿ ಹಕ್ಕಿನ ಕಾಯದೆಯ ಮೂಲಕ ಇಂದು ಪ್ರತಿಯೊಬ್ಬ ಪ್ರಜೆಗೂ ಬಂದಿದೆ.

ಆದುದರಿಂದ ನಮ್ಮ ಊರುಗಳಲ್ಲಿ ಓದುಬರಹ ಬಲ್ಲ ಮನೆತನದವರು, ತಮ್ಮೂರಿನ ಕೆರೆಯ ದುರಸ್ತಿಯೋ ಸೇತುವೆಯ ಕಟ್ಟಡವೋ ಗುತ್ತಿಗೆಗೆ ಹೋದಾಗ, ನಾಲ್ಕು ತಾರೀಖುಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು: ಪ್ರಕಟಣೆಯು ಹೊರಟದ್ದು ಎಂದು, ಸ್ವೀಕರಿಸುವ ಗಡುವು ಎಂದು, ಟೆಂಡರು ತೆರೆದದ್ದು ಎಂದು, ಕೆಲಸದ ಆಜ್ಞೆಯಾದದ್ದು ಎಂದು. ಈ ನಾಲ್ಕರ ನಡುವಿನ ಅಂತರವು ಸರಿಯಾಗಿದ್ದರೆ ಬಹುಮಟ್ಟಿಗೆ ಉಳಿದದ್ದೂ ಸರಿಯಾಗಿರುವದು. ಅಂತರದಲ್ಲಿ ಅನುಮಾನ ತೋರಿದರೆ ಕಾರಣವನ್ನು ಬರಹದಲ್ಲಿ ಕೇಳಬೇಕು. ಚಂದೂಲಾಲನ ಕಾಲದ ರಯತನಿಗೆ ತನ್ನ ತಾಲ್ಲೂಕು ಯಾವ ದಿವಸ ಯಾರಿಗೆ ಮಾರಾಟವಾಯಿತೆಂಬದನ್ನು ಕೇಳುವ ಹಕ್ಕು ಇರಲಿಲ್ಲ. ನಮಗೆ ಅದು ಇದೆ. ಬಳಸದೆ ಬಿಟ್ಟರೆ ಆ ರಯತನಿಗೂ ನಮಗೂ ಹೆಚ್ಚಿನ ಅಂತರವೇನೂ ಉಳಿಯುವದಿಲ್ಲ.